ತೂಕ ಏರದ ಗಾಡಿ

ನಮ್ಮ ಊರಿಗೆ ಹೊಸ ಸೊಸೆ ಬಂದರೆ ಅತ್ತೆಯಾದವಳು ಮೊದಲು ಹೇಳಿಕೊಡುವುದು ಅಡುಗೆಮನೆಯಲ್ಲಿ ಯಾವುದನ್ನು ಎತ್ತಬಾರದು ಅನ್ನುವುದನ್ನು. ಈ ಸೌಟು ನನ್ನದು, ಮುಟ್ಟಬೇಡ. ಈ ಮಣೆ ನಿಮ್ಮ ಮಾವನದು, ಇಬ್ಬರು ಸೇರಿ ಎತ್ತಿ. ಮಾತು ಕೇಳದೆ ಕೈಹಾಕಿ ಸೊಂಟ ಹಿಡಿಸಿಕೊಂಡ ಸೊಸೆಯಂದಿರು ಬೀದಿಗೊಬ್ಬರಾದರೂ ಸಿಗುತ್ತಾರೆ. ಇಷ್ಟಪಟ್ಟ ವಸ್ತು ನಮ್ಮಲ್ಲಿ ತೂಕ ಏರುತ್ತದೆ. ಇಷ್ಟಪಟ್ಟವರ ಕೈಗೆ ಮಾತ್ರ ಅದು ತಿಳಿಯುವುದಿಲ್ಲ. ಅವರು ಹೂವಿನ ಹಾಗೆ ಎತ್ತಿ ಇಡುತ್ತಾರೆ, ಉಳಿದವರು ಏದುಸಿರು ಬಿಡುತ್ತಾರೆ. ಮನೆ ಬದಲಾಯಿಸುವಾಗ ಬರುವ ಹಮಾಲರು ಸಾಮಾನು ಮುಟ್ಟುವ ಮೊದಲು "ಇದು ಯಾರ್ದು, ಎಷ್ಟು ವರ್ಷದ್ದು" ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದವರು ಮಾತಿನ ನಡುವೆ ಹುಡುಗಿಯ ಹೊಲಿಗೆ ಪೆಟ್ಟಿಗೆಯನ್ನು ಸುಮ್ಮನೆ ಒಮ್ಮೆ ಸರಿಸಿ ನೋಡುತ್ತಾರೆ. ಅದು ಸಲೀಸಾಗಿ ಸರಿದರೆ ಹುಡುಗಿಗೆ ಯಾವುದರಲ್ಲೂ ಮನಸ್ಸಿಲ್ಲ ಎಂದು ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಇಂಥ ಊರಿನಲ್ಲಿ ನಾನು ರೈಲು ಗಾಡಿಯ ತೂಕ ಇಳಿಸುವ ಎಂಜಿನಿಯರು. ಊರಿನ ಪಕ್ಕಕ್ಕೆ ಹೊಳೆ, ಹೊಳೆಯ ಮೇಲೆ ಒಂದು ಹಳೆಯ ಕಬ್ಬಿಣದ ಸೇತುವೆ, ಸೇತುವೆಯ ಮೇಲೆ ಒಂದೇ ಜೋಡಿ ಹಳಿ, ಹಳಿಯ ಮೇಲೆ ಒಂದೇ ಡಬ್ಬಿಯ ಗಾಡಿ. ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲ ಆಚೆ ದಡದಲ್ಲಿವೆ. ಸೇತುವೆ ತಾಳುವುದು ಇಷ್ಟೇ ಎಂದು ಹಿಂದಿನವರು ಗೊತ್ತುಮಾಡಿ ಹೋಗಿದ್ದಾರೆ. ಅದರಲ್ಲಿ ಗಾಡಿಯ ತೂಕ ಕಳೆದು ಉಳಿದದ್ದು ಜನರ ಪಾಲು. ಗಾಡಿ ಒಬ್ಬ ಆಳಿನಷ್ಟು ಭಾರವಾದರೆ ಒಂದು ಸೀಟು ಮುಚ್ಚಬೇಕು. ವರ್ಷಕ್ಕೊಮ್ಮೆ ಶೆಡ್ಡಿನ ಮುಂದೆ ತೂಕದ ಹಳಿಯ ಮೇಲೆ ಗಾಡಿ ನಿಲ್ಲಿಸಿ, ಊರೆಲ್ಲ ಸೇರಿದಾಗ, ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುವುದು ಪದ್ಧತಿ.

ಹಳೆಯ ಗಾಡಿ ತೇಗದ ಮರದ್ದು, ಹಿತ್ತಾಳೆ ಹಿಡಿಗಳಿದ್ದವು. ಜನ ಅದನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ ಪ್ರತಿ ವರ್ಷ ಅದು ಭಾರವಾಗುತ್ತಲೇ ಹೋಯಿತು. ಕಿಟಕಿಯ ಅಂಚು, ಬಾಗಿಲ ಹಿಡಿ, ಎರಡನೇ ಬೆಂಚಿನ ಮೂಲೆ, ಯಾವುದನ್ನು ಬಿಚ್ಚಲು ಹೋದರೂ ನಾಲ್ಕು ಜನ ಬೇಕು. ಸೀಟುಗಳು ಒಂದೊಂದಾಗಿ ಮುಚ್ಚುತ್ತಾ ಬಂದು ಕೊನೆಗೆ ಡ್ರೈವರು ಒಬ್ಬನೇ ಹೋಗಿಬರುವ ಸ್ಥಿತಿ ಬಂತು. ಆಗ ಹಗುರವಾದ ಹೊಸ ಗಾಡಿ ಕಟ್ಟಿಕೊಡು ಎಂದು ನನಗೆ ವಹಿಸಿದರು.

ಕಟ್ಟಿದೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಂಥ ಗಾಡಿ ಸುತ್ತಮುತ್ತ ಎಲ್ಲೂ ಇರಲಿಲ್ಲ. ಮೈಯೆಲ್ಲ ಅಲ್ಯೂಮಿನಿಯಂ ತಗಡು. ನೆಲಕ್ಕೆ ಎರಡು ತೆಳು ತಗಡು, ನಡುವೆ ಜೇನುಗೂಡಿನಂಥ ಕಾಗದದ ಹಂದರ. ಕಂಬಗಳೆಲ್ಲ ಪೊಳ್ಳು ಕೊಳವೆ, ಭಾರ ಬೀಳದ ಕಡೆಯೆಲ್ಲ ತೂತು. ಶೆಡ್ಡಿನ ಬಾಗಿಲಲ್ಲಿ ತಕ್ಕಡಿ ಇಟ್ಟುಕೊಂಡು ಕೂತಿದ್ದೆ, ಒಂದು ನಟ್ಟು ಕೂಡ ತೂಗದೆ ಒಳಗೆ ಬರುವಂತಿರಲಿಲ್ಲ. ಬಣ್ಣ ಒಂದು ಕೈ ಜಾಸ್ತಿ ಬಳಿದರೆಂದು ಪೇಂಟರುಗಳ ಮೇಲೆ ಹಾರಾಡಿ ಪೂರ್ತಿ ಕೆರೆಸಿದ್ದೆ. "ನೀವು ಗಾಳೀನೂ ತೂಗಿ ಒಳಗ್ ಬಿಡ್ತೀರಾ ಸಾರ್" ಎಂದು ಫಿಟ್ಟರು ಮಾಬುಸಾಬಿ ಕೇಳಿದ. ಹೌದು ಅಂದೆ.

ಮೊದಲ ವರ್ಷದ ತೂಕಕ್ಕೆ ನಾನು ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ಸ್ಟೇಷನ್ ಮಾಸ್ತರ ದೇವೀರಪ್ಪನವರು ಮುಳ್ಳು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ" ಎಂದು ಕೂಗಿದರು. ಬೇರೆ ಊರಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ನಮ್ಮ ಊರಿನ ಜನ ನೆಲ ನೋಡಿದರು. ಒಬ್ಬರು ಕೆಮ್ಮಿದರು. ದಿನವೂ ಗಾಡಿ ಹತ್ತಿ ಇಳಿಯುವ ಇಷ್ಟು ಜನರಲ್ಲಿ ಒಬ್ಬರಿಗೂ ಅದರ ಮೇಲೆ ಗುಲಗಂಜಿಯಷ್ಟು ಮನಸ್ಸು ಹುಟ್ಟಿರಲಿಲ್ಲ, ಅದನ್ನು ಊರ ಮುಂದೆ ಕೂಗಿ ಹೇಳಿದ ಹಾಗಾಯಿತು. ನಾನು ಕಟ್ಟಿದ್ದರಲ್ಲಿ ಇಷ್ಟಪಡುವಂಥದ್ದು ಏನೂ ಇರಲಿಲ್ಲ ಅಂತಲೂ ಆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಮುದ್ದು ಕೂಡ ಆ ಮುಳ್ಳನ್ನು ಅಲುಗಿಸಿರಲಿಲ್ಲ. ನಾನು ಇಷ್ಟಪಟ್ಟದ್ದು ಗಾಡಿಯನ್ನೋ ನನ್ನ ಜಾಣತನವನ್ನೋ ಎಂದು ಆಗ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

ಮರುವರ್ಷವೂ ಅಷ್ಟೇ, ಅದರ ಮರುವರ್ಷವೂ ಅಷ್ಟೇ. ಮೇಲಿನ ಆಫೀಸಿನವರಿಗೆ ಮಾತ್ರ ಬಲು ಖುಷಿ. ಅವರು ನಮ್ಮ ಊರಿನವರಲ್ಲ. ಒಂದು ಸೀಟೂ ಮುಚ್ಚಿಲ್ಲವೆಂದು ನನಗೆ ಹಾರ ಹಾಕಿ ಶಾಲು ಹೊದಿಸಿದರು. ಆ ಶಾಲು ಹೊದ್ದು ಪೇಟೆಯಲ್ಲಿ ನಡೆದು ಬರುವಾಗ ಜನ ನನ್ನನ್ನು ನೋಡಿ ಅಂಗಡಿಯೊಳಗೆ ಏನೋ ಕೆಲಸವಿದ್ದವರಂತೆ ತಿರುಗಿಕೊಂಡರು. ಮನೆಯಲ್ಲಿ ನನ್ನ ಹೆಂಡತಿ ಸರ್ವಮಂಗಳ ಅದನ್ನು ಮಡಚಿ ಒಳಗಿಟ್ಟಳು. ಹೆಂಗಸರು ಶೆಡ್ಡಿನ ಹಿಂದೆ ನಿಂತಿದ್ದ ಹಳೆಯ ಗಾಡಿಯ ಮೈ ಸವರಿ, ಆಮೇಲೆ ಬಂದು ನನ್ನ ಗಾಡಿ ಹತ್ತುತ್ತಿದ್ದರು. ತೂಕದ ದಿನ ಹತ್ತಿರ ಬಂದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಈ ವರ್ಷ ಮುಳ್ಳು ಏರಿತು. ಸುಮಾರು ಒಬ್ಬ ಆಳಿನಷ್ಟು. ದೇವೀರಪ್ಪನವರು ಕೂಗಿದಾಗ ನನಗೆ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಜನ ಈ ಸಲ ಚಪ್ಪಾಳೆ ತಟ್ಟಿದರು, ಬೆನ್ನು ತಟ್ಟಿದರು. "ಬಂತಲ್ಲ ಎಂಜಿನಿಯರೇ, ನಿಧಾನಕ್ಕಾದ್ರೂ ಬಂತಲ್ಲ" ಅಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲಲ್ಲೇ ಹಿಡಿದೆ. ಬೂಂದಿ ಲಾಡು ತರಿಸಿ ಮನೆಮನೆಗೆ ಹಂಚಿದೆ. ಸಿಕ್ಕಸಿಕ್ಕವರನ್ನು ನಿಲ್ಲಿಸಿ, ಒಂದು ವಸ್ತು ಜನರ ಮನಸ್ಸಿಗೆ ಹೇಗೆ ಮೆಲ್ಲಗೆ ಇಳಿಯುತ್ತದೆ ಎಂದು ವಿವರಿಸಿದೆ. ಅವರೆಲ್ಲ ತಲೆಯಾಡಿಸಿ ಕೇಳಿದರು. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಬೆವರುತ್ತದೆ.

ತೂಕವಾದ ಮರುದಿನ ದೇವೀರಪ್ಪನವರು ನನ್ನನ್ನು ಕರೆದು ಕೂರಿಸಿಕೊಂಡರು. "ಏನಿಲ್ಲ, ಒಂದು ಸೀಟು ಮುಚ್ಬೇಕಾಗುತ್ತೆ. ನೀವು ಮನಸ್ಸು ಮಾಡಿದ್ರೆ ಎಲ್ಲಾದ್ರೂ ಒಂದಿಷ್ಟು ಕೆರೆದು ತೂಕ ಇಳಿಸ್ಬೋದಲ್ವಾ?"

ಇಳಿಸಬಹುದಿತ್ತು. ಚಾವಣಿಯ ಒಳತಗಡು ತೆಗೆದರೆ ಸಾಕಿತ್ತು, ಇಲ್ಲವೆ ಸಾಮಾನು ಇಡುವ ಹಲಗೆಗಳನ್ನು ಬಿಚ್ಚಿದರೆ ಸಾಕಿತ್ತು. ಅದೇ ನನ್ನ ಉದ್ಯೋಗ. ಆದರೆ ನಾನು ಎದೆ ಸೆಟೆಸಿ, "ಮಾಸ್ತರೇ, ಜನ ಮನಸಾರೆ ಕೊಟ್ಟಿದ್ದನ್ನ ಕೆರೆದು ಬಿಸಾಕೋಕಾಗುತ್ತಾ? ಆ ಗಾಡಿಗೆ ಒಂದು ಮೊಳೆಯಷ್ಟೂ ಕೈ ಹಚ್ಚಲ್ಲ ನಾನು" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಹಾಗಂತೀರಾ. ಸರಿ ಬಿಡಿ" ಅಂದರು.

ಸೀಟು ಮುಚ್ಚಿದರೆ ಎಲ್ಲರಿಗಿಂತ ಕೊನೆಗೆ ಪಾಸು ತೆಗೆದುಕೊಂಡವರು ಬಿಟ್ಟುಕೊಡಬೇಕು. ಆ ಕೊನೆಯವರು ಹೊನ್ನಾಜಮ್ಮ. ದೋಸೆಹಿಟ್ಟು ರುಬ್ಬಿ ಮಾರಿ ಮೂರು ಮಕ್ಕಳನ್ನು ದಡ ಹತ್ತಿಸಿದ ಹೆಂಗಸು. ಅವರ ಗಂಡ ಸಣ್ಣಲಿಂಗಯ್ಯನವರು ಟೈಲರು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ, ಮಾತೂ ನಿಂತು, ಆಚೆ ದಡದ ಆಸ್ಪತ್ರೆಯಲ್ಲಿದ್ದರು. ಅವರು ಬೇರೆ ಯಾರ ಕೈಯಿಂದಲೂ ತುತ್ತು ತಿನ್ನುತ್ತಿರಲಿಲ್ಲ. ನರ್ಸು ಚಮಚ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಹೊನ್ನಾಜಮ್ಮ ದಿನಾ ಬೆಳಗಿನ ಗಾಡಿಗೆ ಬುತ್ತಿ ಹಿಡಿದು ಹೋಗುತ್ತಿದ್ದರು. ಬೆಳಗಿನ ಸೀಟು ಹೋದ ಮೇಲೆ ಅವರಿಗೆ ಉಳಿದದ್ದು ಜಾಗ ಖಾಲಿ ಇರುವ ಎರಡನೇ ಗಾಡಿ, ಅದು ಆಚೆ ತಲುಪುವ ಹೊತ್ತಿಗೆ ಆಸ್ಪತ್ರೆಯ ಗೇಟು ಮುಚ್ಚಿರುತ್ತದೆ. ಬುತ್ತಿಯನ್ನು ಕಾವಲಿನವನ ಕೈಗೆ ಕೊಟ್ಟು ಬರಬೇಕು, ಅದನ್ನು ನರ್ಸು ತಿನ್ನಿಸಬೇಕು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡನೇ ಗಾಡಿ ಹೊರಡುವ ಮೊದಲು ಅವರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ನನ್ನನ್ನು ಕಂಡರೆ ನಗುತ್ತಿದ್ದರು. "ತೂಕ ಬಂತಂತಲ್ಲಪ್ಪ, ಸಂತೋಷ" ಅನ್ನುತ್ತಿದ್ದರು. ಎಲ್ಲರ ಹಾಗೆ ಅವರೂ ಮೆಚ್ಚಿಕೊಂಡರು ಎಂದು ನಾನು ಉಬ್ಬಿ ಮುಂದೆ ಹೋಗುತ್ತಿದ್ದೆ. "ಯಜಮಾನರು ಹೇಗಿದಾರೆ" ಎಂದು ಕೇಳಿದರೆ "ಸ್ವಲ್ಪ ಇಳಿದವ್ರೆ" ಅನ್ನುತ್ತಿದ್ದರು. ಪಾಪ, ಕಾಯಿಲೆಯಲ್ಲವೆ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ವಿಷಯವೂ ನನ್ನ ಕಣ್ಣಿಗೆ ಬಿದ್ದಿತ್ತು. ತೂಕದ ಹಳಿ ಗಾಡಿಯ ಒಂದೊಂದು ಗಾಲಿಯ ಭಾರವನ್ನೂ ಬೇರೆಬೇರೆ ತೋರಿಸುತ್ತದೆ. ಏರಿದ ತೂಕ ಬಹುಪಾಲು ಹಿಂದಿನ ಎಡಗಾಲಿಯ ಮೇಲೇ ಕೂತಿತ್ತು. ಜನರ ಪ್ರೀತಿ ಹಾಗೆ ಒಂದೇ ಮೂಲೆಯಲ್ಲಿ ಕೂರುವುದಿಲ್ಲ. ಹಿಡಿಗಳ ಮೇಲೆ, ಕಿಟಕಿಗಳ ಮೇಲೆ, ಎಲ್ಲೆಲ್ಲಿ ಕೈ ತಗಲುತ್ತದೋ ಅಲ್ಲೆಲ್ಲ ಹರಡಿಕೊಳ್ಳುತ್ತದೆ. ಹಳೆಯ ಗಾಡಿಯನ್ನು ಹತ್ತಾರು ವರ್ಷ ತೂಗಿದ ನನಗೆ ಇದು ತಿಳಿಯದ್ದಲ್ಲ. ಆದರೂ ನಾನು, ಆ ಮೂಲೆಯ ಸೀಟಿನಿಂದ ಹೊಳೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಜನ ಅಲ್ಲಿ ಮನಸ್ಸಿಟ್ಟಿದ್ದಾರೆ ಎಂದು ತೀರ್ಮಾನ ಮಾಡಿ ಸುಮ್ಮನಾದೆ. ಬೇಕಾದ್ದನ್ನು ನಂಬುವುದಕ್ಕೆ ಎಂಜಿನಿಯರಿಗೂ ಹೆಚ್ಚು ಓದು ಬೇಕಾಗುವುದಿಲ್ಲ.

ಕೆಲವು ವಾರಗಳ ಮೇಲೆ ಆ ಮೂಲೆಯ ಸೀಟಿನ ಕೆಳಗೆ ನೆಲ ಕುಸಿಯುತ್ತಿದೆ ಎಂದು ಡ್ರೈವರು ಹೇಳಿದ. ನನ್ನ ನೆಲ ಕುಸಿಯುವಂಥದ್ದಲ್ಲ. ಎಷ್ಟು ಜನ ನಿಂತರೂ ತಡೆಯುತ್ತದೆ. ಒಂದೇ ಕಡೆ ಗುಂಡು ಭಾರ ಇಟ್ಟರೆ ಮಾತ್ರ ಒಳಗಿನ ಹಂದರ ಮುರಿದು ಬಾಗುತ್ತದೆ. ತಂತಿ ನೋಡಲೆಂದು ಅಲ್ಲಿ ಒಂದು ಮುಚ್ಚಳ ಮಾಡಿಸಿದ್ದೆ, ಅದನ್ನು ಬಿಚ್ಚು ಎಂದು ಮಾಬುಸಾಬಿಗೆ ಹೇಳಿದೆ.

"ನಾಳೆ ನೋಡಾಣ ಸಾರ್. ಇವತ್ತು ಬ್ರೇಕಿನ ಕೆಲಸ ಐತೆ."

"ಈಗಲೇ ಬಿಚ್ಚು."

"ಸ್ಪ್ಯಾನರ್ರು ಸಿಗ್ತಿಲ್ಲ ಸಾರ್."

ಸ್ಪ್ಯಾನರು ಅವನ ಕೈಯಲ್ಲೇ ಇತ್ತು. ನಾನೇ ಕಸಿದುಕೊಂಡು ಬಿಚ್ಚಿದೆ. ಅವನು ಗಾಡಿಯಿಂದ ಇಳಿದು ಆ ಕಡೆ ಮುಖ ಮಾಡಿ ನಿಂತ.

ಒಳಗೆ ದಿನಸಿ ಅಂಗಡಿಯ ಹಳೆಯ ತೂಕದ ಬಟ್ಟುಗಳಿದ್ದವು. ಗೋಣಿ ಚೀಲದಲ್ಲಿ ಸುತ್ತಿದ ಒಂದು ಸುತ್ತಿಗೆ ಇತ್ತು. ಅದರ ಹಿಡಿಯಲ್ಲಿ ಮಾಬುಸಾಬಿಯ ಅಪ್ಪನ ಹೆಸರು ಕೊರೆದಿತ್ತು. ಅದರ ಪಕ್ಕದಲ್ಲಿ ಒಂದು ಎಲೆಅಡಿಕೆ ಕುಟ್ಟಾಣಿ ಇತ್ತು. ಅದು ನಮ್ಮ ಮನೆಯದು. ತಂಗಿಗೆ ಕೊಟ್ಟಿದ್ದೇನೆ ಎಂದು ಸರ್ವಮಂಗಳ ಹೇಳಿದ್ದ ಕುಟ್ಟಾಣಿ. ಎಲ್ಲಕ್ಕಿಂತ ಕೆಳಗೆ, ಮುರಿದ ಹಂದರದಲ್ಲಿ ಹೂತುಕೊಂಡು ಒಂದು ರುಬ್ಬುಗುಂಡು ಕೂತಿತ್ತು. ಎರಡು ಕೈ ಹಾಕಿ ಎಳೆದೆ, ಅಲುಗಲಿಲ್ಲ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ನನ್ನ ಗಾಡಿಯ ನೆಲ ಆಗಲೇ ಬಿಟ್ಟಿತ್ತು.

ಮನೆಗೆ ಬಂದು ಕುಟ್ಟಾಣಿಯನ್ನು ಹೆಂಡತಿಯ ಮುಂದಿಟ್ಟೆ. ಶೆಡ್ಡಿನಿಂದ ಮನೆಗೆ ತರುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಒಲೆಕಟ್ಟೆಯ ಮೇಲಿಟ್ಟಳು.

"ಯಾಕೆ ಹೀಗೆ ಮಾಡಿದೆ?"

"ವರ್ಷಾ ವರ್ಷಾ ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ ರೀ. ನಂಗೊಬ್ಳಿಗೇ ಅಲ್ಲ, ಊರಿಗೇ ಆಗ್ತಿರ್ಲಿಲ್ಲ. ಎಷ್ಟು ಕಷ್ಟಪಟ್ಟು ಮಾಡವ್ರೆ, ನಮಗೇ ಮನಸ್ಸು ಬರ್ತಿಲ್ಲ, ಏನ್ ಪಾಪ ಮಾಡಿದ್ವೋ ಅಂತ ಎಲ್ಲಾರೂ ಕೊರಗ್ತಿದ್ರು."

"ಗುಂಡು ಯಾರದು?"

"ನಾವೆಲ್ಲ ಸೇರಿ ಹಾಕಿದ್ದು ಒಂದು ಕೈಚೀಲದಷ್ಟು ಆಗಿತ್ತು. ಮುಳ್ಳು ಅಲ್ಲಾಡುತ್ತೋ ಇಲ್ವೋ ಅನ್ನೋ ಹಾಗಿತ್ತು. ಆಗ ಹೊನ್ನಾಜಮ್ಮ, ನಂದೊಂದು ಐತೆ ತಡೀರಿ ಅಂದ್ರು" ಅಂದಳು.

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ನಾನು ಲಾಡು ಹಂಚಿದ್ದು, ಊರಿಗೆ ಪಾಠ ಹೇಳಿದ್ದು, ದೇವೀರಪ್ಪನವರ ಮುಂದೆ ಎದೆ ಸೆಟೆಸಿದ್ದು ಎಲ್ಲ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ನಾಚಿಕೆಗೆ ಒಂದು ಮಿತಿ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಆ ಗುಂಡನ್ನು ಯಾರಿಗೂ ತಿಳಿಯದ ಹಾಗೆ ಹೊಳೆಗೆ ಹಾಕಿ, ಚಾವಣಿಯ ತಗಡು ಬಿಚ್ಚಿ ತೂಕ ಇಳಿಸಿದೆ ಎಂದು ಹೇಳಿಬಿಡಲೇ ಎಂದೂ ಒಮ್ಮೆ ಯೋಚನೆ ಬಂತು. ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಬೆಳಗಿನ ಗಾಡಿ ಹೋಗಿ ಬಂದ ಮೇಲೆ ಅದರ ನೆಲದಿಂದ ಬಟ್ಟು, ಸುತ್ತಿಗೆ ಎಲ್ಲ ಹೊರಗಿಟ್ಟು, ಗುಂಡನ್ನು ಮೂರು ಜನ ಹಿಡಿದು ತಳ್ಳುಗಾಡಿಗೆ ಏರಿಸಿದೆವು. ಪೇಟೆಯ ನಡುವೆ, ಎಲ್ಲರ ಕಣ್ಣ ಮುಂದೆ ತಳ್ಳಿಕೊಂಡು ಹೋದೆ. ದಿನಸಿ ಅಂಗಡಿಯವನು ತಕ್ಕಡಿಯ ಹಿಂದೆ ಬಗ್ಗಿ ಏನನ್ನೋ ಹುಡುಕತೊಡಗಿದ. ಹೂ ಕಟ್ಟುವವಳು ಕಣ್ಣೆತ್ತಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಹೊನ್ನಾಜಮ್ಮ ಎರಡನೇ ಗಾಡಿಗೆಂದು ಬುತ್ತಿ ಕಟ್ಟುತ್ತಿದ್ದರು. ತಳ್ಳುಗಾಡಿ ನೋಡಿ ಸೆರಗಿನಿಂದ ಕೈ ಒರೆಸಿಕೊಂಡು ಬಂದರು. ನಾವು ಮೂವರು ಏದುಸಿರು ಬಿಡುತ್ತಾ ಏರಿಸಿದ ಗುಂಡನ್ನು ಒಂದೇ ಕೈಯಲ್ಲಿ ಎತ್ತಿ, ತೆಂಗಿನಕಾಯಿ ಒಯ್ಯುವ ಹಾಗೆ ಒಯ್ದು ಒರಳಿನೊಳಗೆ ಇಟ್ಟರು. ಇಟ್ಟ ಮೇಲೆ ಒಮ್ಮೆ ತಿರುಗಿಸಿ ನೋಡಿದರು.

"ತಪ್ಪು ತಿಳೀಬ್ಯಾಡ ಕಣಪ್ಪ. ಇದು ಸುಮ್ನೆ ಬಿದ್ದಿತ್ತು, ಈಗ ಯಾರು ರುಬ್ತಾರೆ. ನಿನಗಾದ್ರೂ ಆಗ್ಲಿ ಅಂತ ಹಾಕ್ದೆ."

"ಅಮ್ಮ, ಅದರಿಂದ ನಿಮ್ಮ ಸೀಟೇ ಹೋಯ್ತಲ್ಲ. ಆವತ್ತೇ ಬಂದು ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೆಂಗ್ ಹೇಳ್ಲಿ?" ಅಂದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕೊಟ್ಟಿದ್ದ ವಾಪಸ್ ಕೇಳ್ದಂಗೆ ಆಗ್ತಿರ್ಲಿಲ್ವಾ? ನೀನು ಅಷ್ಟು ಖುಷಿಯಾಗಿದ್ದೆ. ಲಾಡು ಬ್ಯಾರೆ ಕಳ್ಸಿದ್ದೆ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ಏ, ಬ್ಯಾಡ ಬ್ಯಾಡ" ಎಂದು ಅವರು ಹಿಂದಕ್ಕೆ ಸರಿದರು.

ಅವತ್ತೇ ದೇವೀರಪ್ಪನವರಿಗೆ ಹೇಳಿ, ವರ್ಷದ ನಡುವೆ ಎಂದೂ ಇಲ್ಲದ ತೂಕವನ್ನು ಇಡಿಸಿದೆ. ಗಂಟೆ ಬಾರಿಸಿದರು, ಜನ ಬಂದರು. ದೇವೀರಪ್ಪನವರು ಮುಳ್ಳು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು. ನಾನೇ ಮುಂದೆ ಹೋಗಿ ಕೂಗಿದೆ. "ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ. ಒಂದು ಸೀಟು ತೆರೆದಿದೆ." ಗುಂಪಿನಲ್ಲಿ ಯಾರೋ ಹೆಂಗಸು ಮೂಗು ಒರೆಸಿಕೊಂಡಳು. ನಾನು ಅವರ ಮುಂದೆ ನಾಚಿ ನಿಂತಿದ್ದರೆ ಅವರು ನನ್ನ ಮುಂದೆ ನಾಚಿ ನಿಂತಿದ್ದರು. ಯಾರಿಗೂ ಮೊದಲು ಮನೆಗೆ ಹೊರಡಲು ತೋಚಲಿಲ್ಲ.

ಮರುದಿನ ಬೆಳಗಿನ ಗಾಡಿಗೆ ಹೊನ್ನಾಜಮ್ಮ ಹತ್ತಿದರು. ಡ್ರೈವರಿನ ಸಹಾಯಕನನ್ನು ಇಳಿಸಿ ಅವನ ಜಾಗದಲ್ಲಿ ನಾನು ನಿಂತೆ. ಬುತ್ತಿ ಹಿಡಿದುಕೊಳ್ಳುತ್ತೇನೆ ಅಂದರೆ ಅವರು ಕೊಡಲಿಲ್ಲ. ಸೇತುವೆ ದಾಟುವವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಆಸ್ಪತ್ರೆಯ ಗೇಟು ತೆರೆದಿತ್ತು. ಸಣ್ಣಲಿಂಗಯ್ಯನವರನ್ನು ನಾನು ಮೊದಲು ಗುರುತಿಸಲೇ ಇಲ್ಲ. ಊರಿನ ಅರ್ಧ ಜನಕ್ಕೆ ಅಂಗಿ ಹೊಲಿದ ಆ ದೊಡ್ಡ ಆಳು ಚಾದರದ ಕೆಳಗೆ ಇದ್ದಾರೋ ಇಲ್ಲವೋ ಅನ್ನುವಂತಿದ್ದರು. ಹೊನ್ನಾಜಮ್ಮ ಮಂಚದ ಅಂಚಿಗೆ ಕೂತು, ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಹಿಡಿದರು. ಸಣ್ಣಲಿಂಗಯ್ಯನವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟರು.

"ಮುನಿಸ್ಕೊಂಡವ್ರೆ" ಎಂದು ಹೊನ್ನಾಜಮ್ಮ ನನಗೆ ಹೇಳಿದರು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿದರು. "ಇಲ್ನೋಡಿ, ಯಾರ್ ಬಂದವ್ರೆ. ನಮ್ಮೂರ ಗಾಡಿ ಕಟ್ಟಿದೋರು. ಇವ್ರ ಗಾಡೀಲೇ ಬಂದೆ ನಾನು. ಎಷ್ಟು ಚೆನ್ನಾಗಿ ಓಡ್ತದೆ ಗೊತ್ತಾ."

ಅವರು ನಿಧಾನವಾಗಿ ಈ ಕಡೆ ತಿರುಗಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಕೈ ಮುಗಿದೆ. ಆ ಕಣ್ಣುಗಳಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದ ದೊಡ್ಡವರನ್ನು ನೋಡುವ ಮರ್ಯಾದೆ ಇತ್ತು. ಎದ್ದು ಕೂರಲು ಎಡಗೈ ಊರಿದರು, ಆಗಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು. ತುತ್ತು ಹೊನ್ನಾಜಮ್ಮನ ಕೈಯಲ್ಲಿ ಆರುತ್ತಿತ್ತು.

"ನೀನೊಂದಿಷ್ಟು ಆಚೆ ಇರಪ್ಪ" ಎಂದು ಅವರು ಮೆಲ್ಲಗೆ ಹೇಳಿದರು. "ನೀನಿದ್ರೆ ನಾಚ್ಕೋತಾರೆ, ಉಣ್ಣಾಕೆ."

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು ಗೋಡೆಗೆ ಒರಗಿ ನಿಂತೆ. ಬಹಳ ಹೊತ್ತು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಹೊನ್ನಾಜಮ್ಮನ ದನಿ ಕೇಳಿಸಿತು, ಹಟ ಮಾಡುವ ಕೂಸಿಗೆ ಹೇಳುವ ಹಾಗೆ, "ಹೂಂ, ಇನ್ನೊಂದು."